ಎರಡೂ ಕನ್ನಡಿ ಕಾಣುವ ಪರದೆ

ಶುಕ್ರವಾರ, ಮಧ್ಯಾಹ್ನ

ಗುಬ್ಬೀ,

ಮೊದಲು ಒಂದು ತಬ್ಬುಗೆ, ಆಮೇಲೆ ಒಂದು ಬೈಗುಳ. ತಬ್ಬುಗೆಯನ್ನು ನೀನೇ ಇಟ್ಟುಕೋ. ಬೈಗುಳ ನಿನಗಲ್ಲ, ನನ್ನ ಕಟಿಂಗ್ ಟೇಬಲ್ ಮೇಲೆ ಮೈ ಚಾಚಿಕೊಂಡು ಕೂತಿರುವ ಆ ಅಗಲದ ಮಾನಿಟರಿಗೆ.

ನಿನ್ನ ಮೆಸೇಜು ನೋಡಿದೆ. ನಿಮ್ಮ ದೊಡ್ಡಪ್ಪ ನನಗೊಂದು ಮಾತೂ ಹೇಳದೆ ನಿನಗೆ ಫೋನು ಮಾಡಿ, ಈಗಿರುವುದು ಸಾಲದು, ಇನ್ನೂ ಅಗಲದ್ದು, ನಲವತ್ತೊಂಬತ್ತು ಇಂಚಿನದು ಬೇಕು ಅಂದರಂತೆ. ನಿಮ್ಮ ಆಫೀಸಿನಲ್ಲಿ ಕಟ್ಟಡದ ನಕ್ಷೆ ಬಿಡಿಸಲು ಬಳಸಿದ್ದು ಒಂದು ಖಾಲಿ ಇದೆ, ಕಳಿಸಲಾ ದೊಡ್ಡಮ್ಮಾ ಎಂದು ಕೇಳಿದ್ದೀಯ. ಕಳಿಸಬೇಡ ಕಣೇ. ಯಾಕೆಂದು ಫೋನಿನಲ್ಲಿ ಹೇಳುವ ಹಾಗಿಲ್ಲ. ಇರುವುದು ಎರಡೇ ಕೋಣೆ, ಅವರದು ಎಂಜಿನ್ನಿನ ಸಣ್ಣ ಗೊರಗೊರವನ್ನೂ ಹಿಡಿಯುವ ಕಿವಿ. ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಕಡೆಯ ಬಸ್ಸಿಗೆ ಹೋಗುವ ಮಹಡಿಮನೆ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ, ಬಸ್ ನಿಲ್ದಾಣದಲ್ಲಿ ಇಸಿದುಕೋ.

ನನ್ನ ಅಕ್ಷರ ನೋಡಿ ನಗಬೇಡ. ಶಾಲೆಯ ಬೆಂಚು ಕಂಡವಳಲ್ಲ ನಾನು. ಬಸ್ಸಿನ ಹಣೆಯ ಮೇಲಿನ ಬೋರ್ಡು ನೋಡಿ ನೋಡಿ ಕಲಿತವಳು. ಹಾಗಾಗಿ ನಾನು ಏನು ಬರೆದರೂ ರಸ್ತೆಯ ಆಚೆ ದಡದಿಂದ ಓದಬಹುದು. ಇವರು ಹತ್ತಿರ ಬಂದಾಗೆಲ್ಲ ಕಾಗದದ ಮೇಲೆ ರೆಕ್ಸಿನ್ ತುಂಡು ಎಳೆದುಕೊಳ್ಳುತ್ತಿದ್ದೇನೆ. ಸೀಟ್ ಕವರ್ ಹೊಲಿಯುವವಳಿಗೆ ಆ ಒಂದು ಅನುಕೂಲ, ಮುಚ್ಚಿಡಲು ಏನಾದರೂ ಕೈಗೆ ಸಿಗುತ್ತಲೇ ಇರುತ್ತದೆ.

ನಿನಗೆ ಅರ್ಧ ಕಥೆ ಗೊತ್ತು. ಮಂಡಿಯ ಆಪರೇಷನ್ ಆಗಿ ಇವರು ಮನೆ ಹಿಡಿದ ಮೇಲೆ, ಕಾಲಿಗೆ ವ್ಯಾಯಾಮ ಮಾಡಿಸಲು ಬರುತ್ತಿದ್ದಾಕೆ, ಪೆಡಲ್ ತುಳಿದ ಹಾಗೆ ಪಾದ ಒತ್ತಿ ಒತ್ತಿ ಬಿಡಿ ಎಂದಳು. ಗಾಳಿ ತುಳಿಯೋಕೆ ನಾನೇನು ತೊಟ್ಟಿಲ ಕೂಸಾ ಎಂದು ಇವರು ಮುಖ ತಿರುಗಿಸಿದರು. ಆಗ ನೀನೇ ಉಪಾಯ ಮಾಡಿದೆ. ನಿನ್ನ ಹಳೆಯ ಕಂಪ್ಯೂಟರು, ಒಂದು ಸ್ಟೀರಿಂಗು, ಕಾಲಡಿಗೆ ಪೆಡಲುಗಳು, ಜೊತೆಗೆ ಬಸ್ಸು ಓಡಿಸುವ ಆ ಆಟ. ಆಟ ಎಂದರೆ ಇವರಿಗೆ ಸಿಟ್ಟು. ಟ್ರಿಪ್ ಎನ್ನಬೇಕು. ಊಟಕ್ಕೆ ಕರೆದರೆ, ತಡಿಯೇ, ಜನ ಬಸ್ಸಲ್ಲಿದಾರೆ ಅಂತಾರೆ. ಯೂನಿಫಾರಂ ಶರ್ಟು ಹಾಕಿಕೊಂಡೇ ಕೂರುವುದು. ಪರದೆಯ ಒಳಗಿನ ಬಣ್ಣದ ಗೊಂಬೆಗಳಿಗೆ, ಒಳಗ್ ಹೋಗ್ರೀ, ಬಾಗಿಲಲ್ಲಿ ಜೋತುಬೀಳಬೇಡಿ, ಹಿಂದೆ ಅಷ್ಟು ಜಾಗ ಇದೆ ಎಂದು ಗದರುವುದು. ಆ ಗೊಂಬೆಗಳಾದರೂ ಇವರ ಮಾತು ಕೇಳುತ್ತಿದ್ದವೋ ಏನೋ. ಕಾಲು ಮಾತ್ರ ಚೆನ್ನಾಗಿ ಪಳಗಿತು, ಅದನ್ನು ಒಪ್ಪಿಕೊಳ್ಳಲೇಬೇಕು.

ಇವರ ಆ ಇನ್ನೊಂದು ಅಭ್ಯಾಸವೂ ನಿನಗೆ ಗೊತ್ತು. ಚಿಕ್ಕವಳಿದ್ದಾಗ ನೀನು ಅದನ್ನೇ ಅಣಕಿಸಿ ಬೈಸಿಕೊಳ್ಳುತ್ತಿದ್ದೆ. ಬಸ್ಸು ಕದಲಿಸುವ ಮುನ್ನ ಎಡಗನ್ನಡಿ ನೋಡಿ ಗಟ್ಟಿಯಾಗಿ "ಎಡ ಖಾಲಿ", ಬಲಗನ್ನಡಿ ನೋಡಿ "ಬಲ ಖಾಲಿ", ಆಮೇಲೆ "ಹೊರಟೆ". ಇವರಿಗೆ ಬಸ್ಸು ಕಲಿಸಿದ ಮೀಸೆ ಮೇಸ್ತ್ರಿ ಹಾಕಿಕೊಟ್ಟ ಪಾಠವಂತೆ. ಬಾಯಿಬಿಟ್ಟು ಹೇಳಿದರೆ ಕಣ್ಣು ಕಳ್ಳಾಟ ಆಡುವುದಿಲ್ಲ ಎನ್ನುತ್ತಿದ್ದನಂತೆ ಆತ. ಇವರು ಆಮೇಲೆ ಎಷ್ಟು ಹೊಸ ಡ್ರೈವರುಗಳಿಗೆ ಅದನ್ನೇ ಕಲಿಸಿದರೋ, ಡಿಪೋದಲ್ಲಿ ಬೆಳಗ್ಗೆ ಬಸ್ಸುಗಳು ಹೊರಡುವಾಗ ಸಾಲಾಗಿ ಅದೇ ಕೂಗು. ಬರುಬರುತ್ತಾ ಅದು ಬಸ್ಸಿನಿಂದ ಇಳಿದು ಮನೆಗೂ ಬಂತು. ಊಟದ ಕುರ್ಚಿಯಿಂದ ಏಳುವಾಗಲೂ ಎಡ ಖಾಲಿ, ಬಲ ಖಾಲಿ, ಹೊರಟೆ. ಮದುವೆಯ ದಿನ ನನ್ನ ಪಕ್ಕದಿಂದ ಏಳುವಾಗ ಹಾಗೆ ಅಂದದ್ದಕ್ಕೆ ನಿಮ್ಮಮ್ಮ ಬಂದು ನನ್ನ ಕಿವಿಯಲ್ಲಿ, ಅಕ್ಕಾ, ಭಾವನಿಗೆ ಏನೋ ಹಿಡಿದುಕೊಂಡಿದೆ ಕಣೇ ಎಂದಿದ್ದಳು.

ಈಗ ಮಾನಿಟರಿನ ವಿಷಯಕ್ಕೆ ಬರುತ್ತೇನೆ.

ನೀನು ಮೊದಲು ಕೊಟ್ಟ ಪುಟ್ಟ ಪರದೆಯಲ್ಲಿ ಮುಂದಿನ ಗಾಜು, ಬಲಗಡೆಯ ಅರ್ಧ ಕನ್ನಡಿ, ಅಷ್ಟೇ ಕಾಣುತ್ತಿತ್ತು. ಎಡಗನ್ನಡಿ ಬೇಕೆಂದರೆ ಒಂದು ಗುಂಡಿ ಒತ್ತಬೇಕು. ಗುಂಡಿ ಒತ್ತಿ ಕನ್ನಡಿ ನೋಡೋ ಡ್ರೈವರ್ ಯಾವನೇ ಅವನು ಎಂದು ಇವರು ಒಂದು ವಾರ ಗೊಣಗಿದರು. ಜನ ಹತ್ತಿ ಇಳಿಯುವುದೇ ಎಡಗಡೆ, ಸೈಕಲ್ಲಿನವರು ನುಗ್ಗುವುದೇ ಎಡಗಡೆ, ಅದೇ ಕಾಣದಿದ್ದರೆ ಬಸ್ಸೆಂದು ಯಾಕೆ ಕರೀಬೇಕು? ಆಗ ನೀನೇ ಹೇಳಿದೆ, ಅಗಲದ ಮಾನಿಟರ್ ಅಂತ ಬಂದಿದೆ ದೊಡ್ಡಪ್ಪಾ, ಎರಡೂ ಕನ್ನಡಿ ಒಟ್ಟಿಗೆ ಕಾಣುತ್ತೆ ಅಂತ. ಅಷ್ಟು ಕೇಳಿದ್ದೇ ತಡ, ಕೋಲು ಊರಿಕೊಂಡು ಅಂಗಡಿಗೆ ಹೊರಟೇಬಿಟ್ಟರು. ಹಿಂದೆ ನಾನು.

ಅಂಗಡಿ ಎಂದರೆ ಅಂಗಡಿಯಾ ಅದು! ಗೋಡೆಯುದ್ದಕ್ಕೂ ಪರದೆಗಳು, ಎಲ್ಲದರಲ್ಲೂ ಒಂದೇ ಗಿಳಿ ರೆಕ್ಕೆ ಬಡಿಯುತ್ತಿದೆ. ತೋರಿಸಲು ಬಂದ ಹೆಣ್ಣುಮಗಳು ಒಳ್ಳೆಯವಳು. ಗೇಮಿಂಗಿಗಾ ಸರ್, ಕೆಲಸಕ್ಕಾ ಎಂದು ಕೇಳಿದಳು. ಡ್ಯೂಟಿಗೆ ಅಂದರು ಇವರು. ಪಾಪ, ಅವಳಿಗೆ ಅದನ್ನು ಯಾವ ಸಾಲಿಗೆ ಸೇರಿಸಬೇಕೋ ತಿಳಿಯಲಿಲ್ಲ. ಇದು ಬಾಗಿದ್ದು, ಇದು ಚಪ್ಪಟೆ, ಇದರಲ್ಲಿ ಕಪ್ಪು ನಿಜವಾಗಿ ಕಪ್ಪಾಗಿರುತ್ತೆ, ಇದರಲ್ಲಿ ಚಿತ್ರ ಸೆಕೆಂಡಿಗೆ ನೂರ ನಲವತ್ತನಾಲ್ಕು ಸಲ ಬದಲಾಗುತ್ತೆ ಎಂದು ವಿವರಿಸಿದಳು. ನಮ್ಮ ಬಸ್ಸಿನ ಮುಂದಿನ ಗಾಜು ಬದಲಾಗಿ ಹನ್ನೊಂದು ವರ್ಷ ಆಯ್ತಮ್ಮಾ, ಅದರಲ್ಲೇ ಓಡಿಸ್ತಿದೀವಿ ಎಂದರು. ಪಕ್ಕದಲ್ಲಿ ಇನ್ನೇನೋ ಕೊಳ್ಳಲು ಬಂದವರೆಲ್ಲ ನಕ್ಕರು. ನನಗೂ ನಗು ಬಂತು. ಆ ದಿನ ನಾವು ಚೆನ್ನಾಗಿದ್ದೆವು ಗುಬ್ಬೀ.

ಒಂದೊಂದು ಪರದೆಯ ಮುಂದೆಯೂ ನಿಂತು ಗಾಳಿಯಲ್ಲಿ ಸ್ಟೀರಿಂಗ್ ಹಿಡಿದು ನೋಡಿದರು. ಆ ಹೆಣ್ಣುಮಗಳು, ನಡುವೆ ನಿಲ್ಲಿ ಸರ್, ನಡುವೆ ನಿಂತರೇನೇ ಬಾಗಿದ ಪರದೆ ಸರಿಯಾಗಿ ಕಾಣೋದು ಎಂದು ಮತ್ತೆ ಮತ್ತೆ ಹೇಳುತ್ತಿದ್ದಳು. ಇವರು ಮತ್ತೆ ಮತ್ತೆ ಎಡತುದಿಗೆ ಸರಿಯುತ್ತಿದ್ದರು. ಮಂಡಿ ನೋವಿಗೆ ಹಾಗೆ ವಾಲುತ್ತಿದ್ದಾರೆಂದು ನಾನೇ ತೋಳು ಹಿಡಿದು ನಡುವೆ ತಂದು ನಿಲ್ಲಿಸಿದೆ. ಒಂದಲ್ಲ, ಎಲ್ಲ ಪರದೆಗೂ. ಕಡೆಗೆ ಮೂವತ್ತನಾಲ್ಕು ಇಂಚಿನ ಬಾಗಿದ್ದು ಒಪ್ಪಿಗೆಯಾಯಿತು. ಅದರಲ್ಲೂ, ಎಡಗಡೆ ಸ್ವಲ್ಪ ಕಡಿಮೆಯೇ ಅನ್ಸುತ್ತೆ, ಇರಲಿ ಎಂದರು.

ಮನೆಗೆ ತಂದರೆ ಅದನ್ನಿಡಲು ಜಾಗವಿಲ್ಲ. ಕಿಟಕಿಯ ಮೂಲೆಯ ಮೇಜು ಅದರ ಅರ್ಧಕ್ಕೂ ಸಾಲದು. ಉಳಿದದ್ದು ನನ್ನ ಕಟಿಂಗ್ ಟೇಬಲ್. ಬಸ್ಸಿನ ಉದ್ದ ಸೀಟಿನ ರೆಕ್ಸಿನ್ ಹಾಸಿ ಕತ್ತರಿಸಬೇಕಲ್ಲ, ಅದಕ್ಕೆಂದು ಮಾಡಿಸಿಕೊಂಡ ಮೇಜು. ಅದರ ಎಡತುದಿಯಲ್ಲಿ ಮೊಳದಷ್ಟು ಜಾಗ ನನಗೆ ಬಿಟ್ಟು ಮಿಕ್ಕದ್ದೆಲ್ಲ ಬಸ್ಸಿನದಾಯಿತು. ರೆಕ್ಸಿನ್ನನ್ನು ಈಗ ನೆಲದ ಮೇಲೆ ಹಾಸಿ, ಕೂತು ಕೂತು, ತೆವಳಿ ತೆವಳಿ ಕತ್ತರಿಸುತ್ತೇನೆ. ನನ್ನ ಸೊಂಟದ ಕಥೆ ಇನ್ನೊಂದು ಕಾಗದಕ್ಕಿರಲಿ.

ಆಟದಲ್ಲಿ ಎರಡೂ ಕನ್ನಡಿ ಬಂದವು. ಇವರ ಮುಖ ನೋಡಬೇಕಿತ್ತು ನೀನು. ಆದರೆ ಮೊದಲ ಟ್ರಿಪ್ಪಿನಲ್ಲೇ ಎಡಗಡೆಯ ಸೈಕಲ್ಲಿಗೆ ಬಡಿದರು. ಎರಡನೆಯದರಲ್ಲಿ ಎಡಗಡೆಯ ನಿಲ್ದಾಣದ ಕಂಬ. ಆಮೇಲೆ ಬೇಕರಿಯವನ ಗಾಡಿ. ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ಬೈಗುಳ ಬರುತ್ತದಲ್ಲ, ಅದು ಬಂದಾಗೆಲ್ಲ ಇವರು ಯಾರ ಮೇಲಾದರೂ ಹಾಯುತ್ತಿದ್ದರು. ಬಾಗಿದ ಪರದೆಯಲ್ಲಿ ಎಡಗಡೆ ಮಡಚಿಹೋಗುತ್ತೆ ಅಂದರು. ವೈರು ಸರಿಯಿಲ್ಲ ಅಂದರು. ಈ ಆಟ ಮಾಡಿದವನಿಗೆ ರಸ್ತೆಯ ಗಂಧವೇ ಇಲ್ಲ, ಸೈಕಲ್ಲನ್ನ ಏಕ್‌ದಂ ಹುಟ್ಟಿಸ್ತಾನೆ ಅಂದರು. ನಾನೂ ಇವರ ಜೊತೆ ಸೇರಿ ಆ ಕಂಪೆನಿಯವನಿಗೆ ಶಾಪ ಹಾಕಿದೆ. ಮಾನಿಟರ್ ಹೊತ್ತುಕೊಂಡು ಅಂಗಡಿಗೆ ಹೋಗಿ ಅಂಥದ್ದೇ ಇನ್ನೊಂದು ಬದಲಾಯಿಸಿ ತಂದೆವು. ಅದರಲ್ಲೂ ಅದೇ ಸೈಕಲ್ಲು, ಅದೇ ಜಾಗ.

ಈಗ ಕೂತು ಯೋಚಿಸಿದರೆ ಎಲ್ಲ ಕಣ್ಣೆದುರೇ ಇತ್ತು. ಆಸ್ಪತ್ರೆಯಿಂದ ಬಂದ ಮೇಲೆ ಒಂದು ದಿನ ತಲೆ ಸಿಡಿಯುತ್ತದೆ ಎಂದು ಗೋಡೆಗೆ ಮುಖ ಮಾಡಿ ಮಲಗಿದ್ದರು. ಮಾತ್ರೆಯ ಬಿಸಿ ಎಂದುಕೊಂಡೆವು. ಅಲ್ಲಿಂದೀಚೆಗೆ ಅಡುಗೆಮನೆ ಬಾಗಿಲಿನ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಾರೆ, ಯಾವಾಗಲೂ ಎಡಭುಜ. ಕಾಲು ಇನ್ನೂ ಸರಿಯಾಗಿಲ್ಲ ಎಂದು ನಾನು ಎಣ್ಣೆ ತಿಕ್ಕುತ್ತಿದ್ದೆ. ಕುರ್ಚಿಯನ್ನು ನಾನು ಪರದೆಯ ನಡುವೆ ಇಟ್ಟರೆ, ಸಂಜೆಯ ಹೊತ್ತಿಗೆ ಅದು ತೆವಳಿ ಎಡತುದಿಗೆ, ನನ್ನ ಹೊಲಿಗೆ ಯಂತ್ರದ ಕಾಲಿಗೆ ಬಂದು ತಾಗಿರುತ್ತದೆ. ದಿನಾ ಗೊಣಗಿಕೊಂಡು ದಿನಾ ನಡುವೆ ಎಳೆದಿಟ್ಟೆ. ಮತ್ತೆ ಡ್ಯೂಟಿಗೆ ಸೇರಿಸಿಕೊಳ್ಳುವ ಮುನ್ನ ಡಿಪೋದವರು ಮಾಡಿದ ಕಣ್ಣಿನ ಪರೀಕ್ಷೆಯಲ್ಲಿ ದೂರದ ಹಲಗೆಯ ಅಕ್ಷರ ಓದಿಸಿದರು. ಕೆಳಗಿನ ಸಾಲಿನ ಇರುವೆ ಕಾಲಿನಂಥ ಅಕ್ಷರವನ್ನೂ ಓದಿ ಬಂದರು ಇವರು. ಅವರು ಕೇಳಿದ್ದನ್ನು ಇವರು ಸರಿಯಾಗಿಯೇ ಹೇಳಿದ್ದಾರೆ, ಯಾರನ್ನು ಏನನ್ನೋಣ?

ನಿನ್ನೆ ನಡೆದದ್ದು ಹೇಳುತ್ತೇನೆ. ಊಟವಾದ ಮೇಲೆ ಇವರು ಟ್ರಿಪ್ ಶುರುಮಾಡಿದರು. ನಾನು ಒಂದು ಹಿಂಬದಿ ಸೀಟಿನ ರೆಕ್ಸಿನ್ ಅಳೆಯುತ್ತಿದ್ದೆ. ನೆಲಕ್ಕೆ ಬಗ್ಗಿ ಸಾಕಾಗಿ, ಅದನ್ನು ಎಳೆದು ಹಿಡಿಯಲು ಇನ್ನೊಂದು ತುದಿ ಎಲ್ಲಿ ಸಿಕ್ಕಿಸಲಿ ಎಂದು ನೋಡಿ, ಮಾನಿಟರಿನ ಎಡಮೂಲೆಗೆ ಬಟ್ಟೆ ಕ್ಲಿಪ್ಪು ಹಾಕಿ ಸಿಕ್ಕಿಸಿದೆ. ಬೇಕಂತಲೇ ಮಾಡಿದ್ದಲ್ಲ. ಅದು ಜಾರಿ ಪರದೆಯ ಎಡಭಾಗದ ಮೇಲೆ ಇಳಿಬಿತ್ತು. ಎಡಗನ್ನಡಿ ಪೂರ್ತಿ ಮುಚ್ಚಿತು. ಈಗ ಬೈಯುತ್ತಾರೆ ನೋಡು ಎಂದು ನಾಲಿಗೆ ಕಚ್ಚಿಕೊಂಡು ಕೈ ಚಾಚಿದೆ.

ಇವರು ಬೈಯಲಿಲ್ಲ. ಕತ್ತು ಅಭ್ಯಾಸಬಲದಿಂದ ಎಡಕ್ಕೆ ಒಂದಿಷ್ಟೇ ಹೊರಳಿತು, ಕಣ್ಣು ರಸ್ತೆಯ ಅಂಚಿನಲ್ಲೇ ನಿಂತಿತು. ಕಂದು ರೆಕ್ಸಿನ್ನಿನ ಕಡೆ ಮುಖ ಮಾಡಿ, ಯಾವತ್ತಿನ ಅದೇ ಗಟ್ಟಿ ದನಿಯಲ್ಲಿ, ಎಡ ಖಾಲಿ ಎಂದರು.

ನಾನು ಚಾಚಿದ ಕೈ ಹಾಗೇ ಇತ್ತು. ಮುಂದಿನ ನಿಲ್ದಾಣದಲ್ಲೂ ಎಡ ಖಾಲಿ. ಅದರ ಮುಂದಿನದರಲ್ಲೂ. ಬಾಗಿಲು ಹಾಕಿ, ಜನ ತುಂಬಿಸಿಕೊಂಡು, ಒಂದು ಇಡೀ ಟ್ರಿಪ್ ಆ ಬಟ್ಟೆಯ ಹಿಂದೆ ಏನಿದೆಯೆಂದು ನೋಡದೆ ಓಡಿಸಿದರು. ಟೀ ತಂದು ಅವರ ಎಡಗೈಯ ಪಕ್ಕದಲ್ಲಿ ಇಟ್ಟೆ. ಸ್ವಲ್ಪ ಹೊತ್ತಿನ ಮೇಲೆ, ಏನೇ, ಟೀ ಕೊಡ್ತೀನಿ ಅಂದವಳು ಎಲ್ಲಿ ಹೋದೆ ಎಂದು ಕೂಗಿದರು. ನಾನು ಅಲ್ಲೇ ಇದ್ದೆ ಗುಬ್ಬೀ, ಅವರ ಎಡಭುಜದ ಪಕ್ಕದಲ್ಲೇ.

ಸೋಮವಾರ ಡ್ಯೂಟಿಗೆ ಹಾಜರಾಗಬೇಕು. ಹಳೆಯ ರೂಟೇ ಕೊಟ್ಟಿದ್ದಾರೆ. ಆಸ್ಪತ್ರೆಯ ಮುಂದೆ, ಎರಡು ಶಾಲೆಗಳ ಮುಂದೆ ಹಾದುಹೋಗುವ ರೂಟು. ನಿವೃತ್ತಿಗೆ ಇನ್ನೊಂದೇ ವರ್ಷ. ಕೊನೆಯ ದಿನ ಬಸ್ಸು ತೊಳೆಸಿ, ನೀನು ಹೊಲಿದ ಹೊಸ ಸೀಟು ಹಾಕಿಸಿ, ನಿನ್ನನ್ನ ಮೊದಲ ಸೀಟಲ್ಲಿ ಕೂರಿಸ್ಕೊಂಡು ಕೊನೇ ಟ್ರಿಪ್ ಹೊಡೀತೀನಿ ಎಂದು ನನಗೆ ಹೇಳುತ್ತಲೇ ಇರುತ್ತಾರೆ, ಅದೊಂದೇ ಅವರ ಆಸೆ. ಈ ಮನುಷ್ಯ ನನ್ನಿಂದ ಬೇರೇನೂ ಕೇಳಿದವರಲ್ಲ. ಹಾಗಾಗಿ ನಿನ್ನೆಯಿಂದ ಬಾಯಿ ಬಿಟ್ಟಿಲ್ಲ ನಾನು. ಸಂಜೆ ನಿನ್ನ ಮೆಸೇಜು ನೋಡಿದಾಗ ಒಂದು ಗಳಿಗೆ, ಅಗಲದ್ದು ಬರಲಿ, ಅದರಲ್ಲಿ ಕಂಡರೂ ಕಾಣಬಹುದು ಎಂದೂ ಅಂದುಕೊಂಡೆ. ಎಷ್ಟು ಅಗಲ ತಂದರೂ ಎಡಗಡೆ ಎನ್ನುವುದು ಎಡಗಡೆಯೇ ತಾನೇ, ಅದೂ ತಿಳಿಯದಷ್ಟು ಮೂಢಳಲ್ಲ ನಾನು. ಆದರೂ ಅಂದುಕೊಂಡೆ.

ನೀನು ಒಂದು ಉಪಕಾರ ಮಾಡು. ಅವರು ಮತ್ತೆ ಫೋನು ಮಾಡಿದರೆ, ನಲವತ್ತೊಂಬತ್ತರದ್ದು ಬೇರೆಯವರ ಪಾಲಾಯಿತು ಎಂದು ಹೇಳು. ಅಷ್ಟರಲ್ಲಿ ನಾನು ಹೇಗಾದರೂ

ಕರೆಯುತ್ತಿದ್ದಾರೆ. ನಿಲ್ಲಿಸುತ್ತೇನೆ.

ಶನಿವಾರ, ಸಂಜೆ

ಕಂಡಕ್ಟರಿಗೆ ಇವತ್ತು ರಜೆಯಂತೆ, ಸೋಮವಾರದ ಬಸ್ಸಿಗೇ ಅವನು ಹೋಗುವುದು. ಕಾಗದ ನನ್ನ ಹತ್ತಿರವೇ ಉಳಿಯಿತು. ಹಾಗಾಗಿ ಮುಂದಿನದನ್ನೂ ಇದಕ್ಕೇ ಸೇರಿಸುತ್ತೇನೆ. ಕೈ ಸೋತಿದೆ, ಅಕ್ಷರ ಇನ್ನೂ ದೊಡ್ಡದಾಗಿದ್ದರೆ ಹೊಟ್ಟೆಗೆ ಹಾಕಿಕೋ.

ಇವತ್ತು ಬೆಳಗ್ಗೆ ಇವರು ಯೂನಿಫಾರಂಗೆ ಇಸ್ತ್ರಿ ಹಾಕಲು ಕೂತರು. ಇನ್ನೂ ಎರಡು ದಿನ ಇದೆ, ಈಗಲೇ ಯಾಕ್ರೀ ಎಂದೆ. ಮಡಿಕೆ ಕೂರಬೇಕಲ್ಲ ಎಂದರು. ಬಲತೋಳಿನ ಮಡಿಕೆ ಚಾಕುವಿನ ಹಾಗೆ ಕೂತಿತ್ತು. ಎಡತೋಳು ಸುಕ್ಕುಸುಕ್ಕಾಗಿಯೇ ಇತ್ತು, ಅದನ್ನೂ ಹಾಗೆಯೇ ಗೂಟಕ್ಕೆ ನೇತುಹಾಕಿದರು. ಆ ತೋಳು ನೋಡಿದ ಮೇಲೆ ನನ್ನಿಂದ ತಡೆಯಲಾಗಲಿಲ್ಲ.

ಕೂತ್ಕೊಳ್ರೀ, ಒಂದು ಟ್ರಿಪ್ ಹೊಡೀರಿ, ನಾನೂ ನೋಡ್ತೀನಿ ಎಂದೆ. ಖುಷಿಯಾಗಿ ಕೂತರು. ಪರದೆಗೆ ಮೊದಲೇ ರೆಕ್ಸಿನ್ ಸಿಕ್ಕಿಸಿಟ್ಟಿದ್ದೆ. ಎರಡು ನಿಲ್ದಾಣ ದಾಟಿಸಿದರು, ಎರಡರಲ್ಲೂ ಎಡ ಖಾಲಿ ಎಂದರು. ಮೂರನೆಯದರಲ್ಲಿ ನಾನು, ಬಸ್ಸು ನಿಲ್ಸಿ, ನಿಲ್ಸಿಬಿಟ್ಟು ಎಡಗಡೆಗೆ ಪೂರ್ತಿ ತಿರುಗಿ ನೋಡಿ ಎಂದೆ.

ನೋಡಿದರು. ಯಾವಾಗ ಹಾಕ್ದೆ ಇದನ್ನ ಎಂದರು. ನೀವು ಕೂರೋಕ್ಕೆ ಮುಂಚೇನೇ ಇತ್ತು ಎಂದೆ. ಸುಳ್ಳು ಹೇಳ್ಬೇಡ, ಈಗ ಹಾಕಿದ್ದು ಎಂದರು. ಮೊನ್ನೆ ಗುರುವಾರ ನಡೆದದ್ದೂ ಬಾಯಿಗೆ ಬಂತು, ನುಂಗಿಕೊಂಡೆ.

ಆಮೇಲೆ ಅವರಾಗಿಯೇ ಒಂದು ಪರೀಕ್ಷೆ ಏರ್ಪಾಡು ಮಾಡಿದರು. ಹೊಸ ಡ್ರೈವರುಗಳಿಗೆ ಮಾಡುವ ಹಾಗೆಯೇ, ಅದೇ ಗತ್ತಿನಲ್ಲಿ. ಲೇ, ನಾನು ಓಡಿಸ್ತಾ ಇರ್ತೀನಿ. ನಿನಗೆ ಬೇಕಾದಾಗ ಆ ಬಟ್ಟೆ ಹಾಕು, ಬೇಕಾದಾಗ ತೆಗಿ, ಸದ್ದು ಮಾಡ್ಬೇಡ. ಪ್ರತಿ ನಿಲ್ದಾಣದಲ್ಲೂ ಇದೆಯೋ ಇಲ್ವೋ ನಾನು ಹೇಳ್ತೀನಿ. ಕಣ್ಣು ಮಾತ್ರ ರಸ್ತೆ ಮೇಲೇ ಇರುತ್ತೆ. ಕತ್ತು ಪೂರ್ತಿ ತಿರುಗ್ಸಿದ್ರೆ ಯಾವನಿಗಾದ್ರೂ ಕಾಣುತ್ತೆ, ಅದು ಲೆಕ್ಕಕ್ಕಿಲ್ಲ ಎಂದರು.

ನಾನು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತೆ. ಗುಬ್ಬೀ, ಒಮ್ಮೆಯಾದರೂ ಸರಿ ಹೇಳಲಿ, ಒಮ್ಮೆಯಾದರೂ ನನ್ನ ಕೈ ಸರಿಯುವುದು ಕಾಣಲಿ ಎಂದು ಬೇಡಿಕೊಂಡೆ. ಬಟ್ಟೆ ಹಾಕಿದೆ, ಇಲ್ಲ ಎಂದರು. ತೆಗೆಯಲು ಹೋದವಳು ನಿಂತೆ, ಯಾಕೆಂದರೆ ತೆಗೆದರೆ ಅವರ ಮುಂದಿನ "ಇಲ್ಲ" ಸರಿಹೋಗಿಬಿಡುತ್ತದೆ. ಆ ಸುಳ್ಳು ಅಂಕ ನನ್ನ ಕೈಯಾರೆ ಕೊಡಲು ಮನಸ್ಸಾಗಲಿಲ್ಲ. ಹಾಗೇ ಬಿಟ್ಟೆ. ಇಲ್ಲ. ಇಲ್ಲ. ಮುಂದಿನ ನಿಲ್ದಾಣದಲ್ಲೂ ಇಲ್ಲ. ಹೋಗ್ತಾ ಹೋಗ್ತಾ ಅವರ ದನಿಯಲ್ಲಿ ಗೆಲುವು ಏರುತ್ತಿತ್ತು. ಟ್ರಿಪ್ಪಿನ ಕೊನೆಗೆ ಬಸ್ಸು ನಿಲ್ಲಿಸಿ, ಬಾಗಿಲು ತೆಗೆದು, ಪರದೆಯ ಗೊಂಬೆಗಳನ್ನೆಲ್ಲ ಇಳಿಸಿ, ನಗುತ್ತಾ ಕೇಳಿದರು, ಕಳ್ಳಿ, ನೀನು ಅದನ್ನ ಹಾಕಲೇ ಇಲ್ಲ ಅಲ್ವೇನೇ?

ಅವರೇ ತಿರುಗಿದರು.

ಆ ಮುಖದ ಬಗ್ಗೆ ಬರೆಯುವುದಿಲ್ಲ. ನಿನ್ನ ದೊಡ್ಡಪ್ಪನ ಮುಖ ನಿನ್ನ ಮನಸ್ಸಿನಲ್ಲಿ, ನಾನು ಬರೆದೆನಲ್ಲ, ಅಂಗಡಿಯಲ್ಲಿ ಗಿಳಿಗಳ ಮುಂದೆ ನಿಂತ ಹಾಗೆಯೇ ಇರಲಿ.

ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಾಡಿದ್ದರೆ ಎಷ್ಟೋ ಮೇಲಿತ್ತು. ಕ್ಲಿಪ್ಪು ಬಿಚ್ಚಿ, ರೆಕ್ಸಿನ್ ಮಡಚಿ, ನನ್ನ ಕೈಗೆ ಕೊಟ್ಟರು. ಎಷ್ಟು ದಿನದಿಂದ ಗೊತ್ತು ಎಂದು ಕೇಳಿದರು. ಗುರುವಾರದಿಂದ ಎಂದೆ. ಸೋಮವಾರ ಹೊರಡೋ ತನಕ ಸುಮ್ಮನಿರ್ತಿದ್ಯಾ ಎಂದು ಕೇಳಿದರು. ಇಲ್ಲ ಎಂದೆ. ಹಾಗೆ ಹೇಳುವಾಗ ನನಗೆ ನನ್ನ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲ, ಅದನ್ನು ನಿನಗೆ ಮಾತ್ರ ಹೇಳುತ್ತಿದ್ದೇನೆ.

ಆಮೇಲೆ ಬಾಲ್ಕನಿಗೆ ಹೋಗಿ ನಿಂತರು. ನಮ್ಮ ಬೀದಿಯ ತಿರುವಿನಲ್ಲಿ ಬಸ್ಸು ಬರುವುದು ಗೊತ್ತಲ್ಲ. ಒಂದೊಂದು ಬಂದಾಗಲೂ ಕತ್ತು ಪೂರ್ತಿ ತಿರುಗಿಸಿ ನೋಡುವುದು, ತಿರುಗಿಸದೆ ನೋಡುವುದು, ಹೀಗೆ ಮಾಡುತ್ತಿದ್ದರು. ನಾನು ಊಟಕ್ಕೆ ಕರೆದೆ. ಬಂದರು. ತಟ್ಟೆಯ ಮೇಲೆ ಕಣ್ಣಿಟ್ಟು, ಆ ಬೇಕರಿ ಗಾಡಿಯವನು, ಆಟದಲ್ಲಿ, ಮೂರು ಸಲ ಬಡಿದೆ ಅವನಿಗೆ ಎಂದರು. ಅವನು ಬರೀ ಚಿತ್ರ ಕಣ್ರೀ ಎಂದೆ. ಗೊತ್ತು ಎಂದರು.

ಸಂಜೆಗೆ ಇಸ್ತ್ರಿಪೆಟ್ಟಿಗೆ ತಂದಿಟ್ಟು, ಎಡತೋಳು ನೀನೇ ಹಾಕಿಕೊಡು ಎಂದರು. ಸೋಮವಾರ ಡಿಪೋಗೆ ಹೋಗ್ತೀನಿ ಎಂದರು. ಹೋಗಿ ಏನ್ ಮಾಡ್ತೀರಿ ಎಂದು ಕೇಳಲು ಧೈರ್ಯ ಸಾಲಲಿಲ್ಲ. ಕೇಳಿದರೆ, ಕತ್ತು ತಿರುಗಿಸಿ ಓಡಿಸ್ತೀನಿ, ಒಂದು ವರ್ಷ ತಾನೇ ಎಂದುಬಿಟ್ಟರೆ ಏನು ಮಾಡಲಿ? ಅಡ್ಡ ನಿಲ್ಲಲಾ? ನಾನೇ ಡಿಪೋಗೆ ಹೋಗಿ ಹೇಳಲಾ? ಹೇಳುತ್ತೇನೆ, ಅದನ್ನು ತೀರ್ಮಾನ ಮಾಡಿಕೊಂಡಿದ್ದೇನೆ. ಶಾಲೆಯ ಮುಂದೆ ಎಡಗಡೆಯಿಂದ ಹತ್ತುವ ಮಕ್ಕಳಲ್ಲಿ ಒಂದು ನಿನ್ನಂಥದ್ದೇ ಇರುತ್ತದೆ, ಬಾಗಿಲು ಮುಚ್ಚುವಾಗ ಓಡಿ ಬರುವಂಥದ್ದು. ಆದರೆ ಅವರ ಬದಲು ನಾನು ಹೇಳುವಂತಾದರೆ ಅವರು ನನ್ನ ಜೊತೆ ಮಾತಾಡುತ್ತಾರೋ ಇಲ್ಲವೋ. ಇಷ್ಟು ವರ್ಷ ಒಂದೇ ಚಾವಣಿಯ ಕೆಳಗಿದ್ದೂ, ಸೋಮವಾರ ಬೆಳಗ್ಗೆ ಈ ಮನುಷ್ಯ ಏನು ಮಾಡುತ್ತಾರೆಂದು ನನಗೆ ಗೊತ್ತಿಲ್ಲ. ಬಹಳ ದಣಿದಿದ್ದೇನೆ ಗುಬ್ಬೀ. ಬೆನ್ನಿಗಿಂತ ಹೆಚ್ಚಾಗಿ ಈ ಗೊತ್ತಿಲ್ಲದ್ದು ದಣಿಸುತ್ತಿದೆ.

ನೀನು ಬರುವುದಾದರೆ ಬಾ. ದೊಡ್ಡ ಡಾಕ್ಟರರ ಹತ್ತಿರ ಹೋಗಬೇಕಾಗುತ್ತದೆ, ಆ ತಲೆ ಸಿಡಿದ ದಿನ ಒಳಗೆ ಏನಾಯಿತೋ, ಅವರು ತಲೆಯ ಫೋಟೋ ತೆಗೆಸಿ ಏನೇನೋ ಹೇಳುತ್ತಾರೆ, ನನಗೆ ಪೂರ್ತಿ ಅರ್ಥವಾಗುವುದಿಲ್ಲ. ಬಾರದಿದ್ದರೂ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಒಂದು ಮಾತ್ರ ನೆನಪಿಟ್ಟುಕೋ. ನೀನು ಆ ಆಟ ತಂದುಕೊಟ್ಟದ್ದಕ್ಕೆ, ಅಗಲದ ಪರದೆಯ ಆಸೆ ಹಚ್ಚಿದ್ದಕ್ಕೆ ಎಲ್ಲಿಯಾದರೂ ಕೂತು ಅಳುತ್ತೀಯೇನೋ, ನನಗೆ ಗೊತ್ತು ನಿನ್ನ ಬುದ್ಧಿ. ಅಳಬೇಡ. ಪುಟ್ಟ ಪರದೆಯಲ್ಲೇ ಇದ್ದಿದ್ದರೆ ಎಡಗನ್ನಡಿ ಇಲ್ಲದಿರುವುದು ಪರದೆಯ ತಪ್ಪಾಗಿಯೇ ಉಳಿದುಬಿಡುತ್ತಿತ್ತು. ಸೋಮವಾರ ಬೆಳಗ್ಗೆ ಅವರು ನಿಜವಾದ ಬಸ್ಸಿನಲ್ಲಿ ಕೂತು ಎಡ ಖಾಲಿ ಎಂದಿರುತ್ತಿದ್ದರು.

ನಿಮ್ಮಮ್ಮನಿಗೆ ಈಗಲೇ ಹೇಳಬೇಡ, ಅವಳು ಫೋನಿನಲ್ಲೇ ಅತ್ತು ಊರಿಗೆಲ್ಲ ಸಾರುತ್ತಾಳೆ. ನಾನೇ ಹೇಳಿಕೊಳ್ಳುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಸೊಂಟ ಹಿಡಿದುಕೊಂಡೇ ನಿನ್ನನ್ನು ನೆನೆಯುತ್ತಿರುವ,
ನಿನ್ನ ದೊಡ್ಡಮ್ಮ

ಮರೆತ ಮಾತು, ಸೋಮವಾರ ಬೆಳಗ್ಗೆ:

ಕಂಡಕ್ಟರು ಕೆಳಗೆ ನಿಂತು ಕೂಗುತ್ತಿದ್ದಾನೆ, ಬೇಗ ಬೇಗ ಬರೆಯುತ್ತಿದ್ದೇನೆ. ನಿನ್ನೆ ಇಡೀ ದಿನ ಇವರು ಕಂಪ್ಯೂಟರ್ ಮುಟ್ಟಲಿಲ್ಲ. ಸಂಜೆ ತಾವಾಗಿಯೇ ಕುರ್ಚಿಯನ್ನು ಪರದೆಯ ನಡುವಿನಿಂದ ಬಲಕ್ಕೆ ಎಳೆದರು, ಅದರ ಎಡಪಕ್ಕದಲ್ಲಿ ನನ್ನ ಹೊಲಿಗೆ ಸ್ಟೂಲು ಇಟ್ಟರು. ಎಡಗನ್ನಡಿ ನೀನು ನೋಡು, ಆದರೆ ಖಾಲಿ ಇದ್ರೆ ಮಾತ್ರ ಖಾಲಿ ಅನ್ನು, ನನ್ನ ಮೇಲೆ ಕರುಣೆ ತೋರಿಸೋಕೆ ಹೋಗಿ ಸೈಕಲ್ಲಿನವನನ್ನ ಕೊಲ್ಲಿಸ್ಬೇಡ ಎಂದರು. ಬೇಕರಿ ಗಾಡಿ ಬಂದಾಗ ನಾನು ಎಷ್ಟು ಜೋರಾಗಿ ಕಿರುಚಿದೆನೆಂದರೆ ಮಹಡಿಮನೆಯವರು ಇಣುಕಿದರು. ಬಡಿಯಲಿಲ್ಲ. ಹಾಗಾಗಿ ಮೂವತ್ತನಾಲ್ಕು ಇಂಚಿನದೇ ಇರಲಿ ಗುಬ್ಬೀ, ಇಬ್ಬರು ಕೂರುವಷ್ಟು ಅಗಲವಿದೆ. ಮೇಜು ನನಗೆ ವಾಪಸ್ ಬರುವ ಆಸೆ ಬಿಟ್ಟೆ.

ಈಗ ಸ್ವಲ್ಪ ಹೊತ್ತಿನ ಕೆಳಗೆ ಯೂನಿಫಾರಂ ಹಾಕಿ ತಿಂಡಿ ತಿಂದರು. ಎದೆಯ ಮೇಲಿನ ಡ್ರೈವರ್ ಬಿಲ್ಲೆ ಬಿಚ್ಚಿ ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು. ಡಿಪೋ ಸಾಹೇಬರ ಕೈಗೇ ಕೊಟ್ಟು ಬರ್ತೀನಿ, ಆಮೇಲೆ ಡಾಕ್ಟರ ಹತ್ರ ಎಂದರು. ಕುರ್ಚಿಯ ಕೈ ಹಿಡಿದು ಏಳಲು ಹೊರಟವರು ಬಲಗಡೆ ನೋಡಿ, ಬಲ ಖಾಲಿ ಎಂದರು. ಎಂದು ಹಾಗೇ ನಿಂತರು.

ಹೊರಡಲಿಲ್ಲ. ಕಾಯುತ್ತಿದ್ದರು.

ನಾನು ಅವರ ಎಡಗಡೆ ಹೋಗಿ ನಿಂತು, ಬಾಗಿಲ ಚೌಕಟ್ಟು, ಸ್ಟೂಲು, ಯಂತ್ರದ ಕಾಲು ಎಲ್ಲ ನೋಡಿ ಹೇಳಿದೆ. ಆಮೇಲೆ ಅವರು, ಹೊರಟೆ ಎಂದರು.